ಅಡಿಕೆಗೆ ಹೋದ ಮಾನ

ನಮಸ್ಕಾರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನಮ್ಮ ಕಾಸರಗೋಡಿನಲ್ಲಿ ಇದು ಬರೀ ಗಾದೆಯಲ್ಲ, ಒಮ್ಮೊಮ್ಮೆ ಕೇಸೂ ಆಗುತ್ತದೆ.

ಬದಿಯಡ್ಕ ಕಡೆಯ ಕೃಷಿಕರೊಬ್ಬರು ಒಂದು ಸಂಜೆ ನನ್ನ ಆಫೀಸಿಗೆ ಬಂದರು. ಅಂಗಿ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಬೆವರಿಗೆ ಅಂಚು ಒದ್ದೆಯಾಗಿತ್ತು. ಪೂರ್ತಿ ಮಲಯಾಳ. "ವಕೀಲರೇ, ಇದರಲ್ಲಿ ನನ್ನ ಫೋನ್ ನಂಬರು ಬಿಟ್ಟರೆ ಬೇರೇನೂ ಓದಲಿಕ್ಕೆ ಬರುವುದಿಲ್ಲ" ಎಂದರು. ಅದು ಪೊಲೀಸ್ ನೋಟೀಸು. ಗಡಿಯಲ್ಲಿದ್ದ ಆರು ಮರದ ಅಡಿಕೆ ಇವರು ಕೊಯ್ದಿದ್ದರು, ಆಚೆಮನೆಯವರು ಕಳ್ಳತನ ಎಂದು ದೂರು ಕೊಟ್ಟಿದ್ದರು.

ಬರುವ ಮೊದಲೇ ಇವರು ಠಾಣೆಗೆ ಹೋಗಿ "ಕೊಯ್ದದ್ದು ಹೌದು ಸಾರ್" ಎಂದು ಹೇಳಿಬಂದಿದ್ದರು. ಸುಳ್ಳಲ್ಲ. ಆದರೆ ಅರ್ಧ ಮಾತು. "ಮರ ನಮ್ಮದೆಂದು ಕೊಯ್ದೆ" ಎಂಬ ಉಳಿದರ್ಧ ಬಾಯಲ್ಲೇ ಉಳಿದಿತ್ತು. ಕಳ್ಳತನದ ಕೇಸಿನಲ್ಲಿ ಆ ಉಳಿದರ್ಧವೇ ಜೀವ.

2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳ ಹಳೆಯ ಕಾನೂನು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೇ ಸೆಕ್ಷನ್ ಕಳ್ಳತನದ್ದು. ಒಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಮೋಸದ ಮನಸ್ಸಿನಿಂದ ತೆಗೆದುಕೊಳ್ಳಲು ಅಲುಗಿಸಿದರೂ ಸಾಕು, ಅದು ಕಳ್ಳತನ. ಗೊನೆ ಮರದಲ್ಲಿರುವಷ್ಟು ಹೊತ್ತು ನೆಲಕ್ಕಂಟಿದ ಸೊತ್ತು, ಅದನ್ನು ಕದಿಯಲಾಗದು. ಕೊಯ್ದ ಕ್ಷಣದಿಂದ ಕದಿಯಬಹುದಾದ ವಸ್ತು. ವಿಚಿತ್ರ, ಅಲ್ವಾ? ಇನ್ನೂ ಒಂದಿದೆ. ಅಡವಿಟ್ಟ ನಿಮ್ಮದೇ ವಾಚನ್ನು ಸಾಲ ತೀರಿಸದೆ ಮೆಲ್ಲಗೆ ಎತ್ತಿಕೊಂಡು ಬಂದರೆ ಅದೂ ಕಳ್ಳತನವೇ. ಆದರೆ ನನ್ನದೆಂದು ನಿಜವಾಗಿ ನಂಬಿ ತೆಗೆದವನಲ್ಲಿ ಮೋಸದ ಮನಸ್ಸು ಎಲ್ಲಿಂದ ಬರಬೇಕು?

ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಾಸದ ಮನೆಯೊಳಗಿನ ಕಳ್ಳತನಕ್ಕೆ ಏಳು ವರ್ಷದವರೆಗೆ, ಕೆಲಸದವರು ಧಣಿಯ ಸೊತ್ತು ಕದ್ದರೂ ಅಷ್ಟೇ. ಗಾದೆಯ ಲೆಕ್ಕ ಮಾತ್ರ ಕಾನೂನಿನಲ್ಲಿ ಸ್ವಲ್ಪ ಬೇರೆ. ಕದ್ದ ವಸ್ತು 5,000 ರೂಪಾಯಿಗಿಂತ ಕಡಿಮೆ ಬೆಲೆಯದು, ಮೊದಲ ಸಲದ ಅಪರಾಧ, ವಸ್ತು ಅಥವಾ ಹಣ ವಾಪಸ್ ಕೊಟ್ಟಾಯಿತು ಎಂದಾದರೆ ಶಿಕ್ಷೆ ಸಮುದಾಯ ಸೇವೆ.

ವಕೀಲರ ಹತ್ತಿರ ಯಾವಾಗ ಹೋಗಬೇಕು? ಜಾಸ್ತಿ ಜನ ಚಾರ್ಜ್‌ಶೀಟ್ ಆದ ಮೇಲೆ ಬರುತ್ತಾರೆ. ನೋಟೀಸು ಬಂದ ದಿನವೇ ಬನ್ನಿ, ಉತ್ತರ ಹೇಳುವ ಮೊದಲು. ಹಾಗಂತ ನೋಟೀಸನ್ನು ಕಪಾಟಿನಲ್ಲಿಟ್ಟು ಸುಮ್ನೆ ಕೂರಬೇಡಿ, ಹಾಜರಾಗದಿದ್ದರೆ ಬಂಧನಕ್ಕೆ ಅದೇ ಕಾರಣವಾಗಬಹುದು. ಯಾರೋ ಅಗ್ಗಕ್ಕೆ ಮಾರಿದ ಮೊಬೈಲು ಕದ್ದ ಮಾಲು ಎಂದು ಪೊಲೀಸರು ಬಂದರೂ ಅಷ್ಟೇ, ಮೊದಲ ಫೋನು ವಕೀಲರಿಗೆ.

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಆದರೆ ನೀವು ಹೇಳಿದ ಜಾಗದಲ್ಲಿ ಕದ್ದ ಅಡಿಕೆಯ ಗೋಣಿ ಸಿಕ್ಕಿದರೆ ಆ ಮಾತಿನ ಅಷ್ಟು ಭಾಗ ಸಾಕ್ಷಿಯಾಗಬಹುದು. ವಿಚಾರಣೆ ವೇಳೆ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಬಾರದು ಎಂದೇ ಕಾನೂನಿದೆ. ಓದಲಿಕ್ಕೆ ಬಾರದ ಮಲಯಾಳದ ಕಾಗದವಾದರೆ ಓದಿಸಿ, ಅರ್ಥ ಕೇಳಿ. ನಾಚಿಕೆ ಬೇಡ. ಕೋರ್ಟಿನಲ್ಲೂ ನಿಮಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ಹೇಳಿದರೆ, ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಫೀಸಿನ ಚಿಂತೆಯೇ? ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ನಮ್ಮ ಕೃಷಿಕರ ಕೇಸು? ಸರ್ವೇಯರ್ ಬಂದು ಅಳೆದರು. ಆರರಲ್ಲಿ ನಾಲ್ಕು ಮರ ಇವರ ಕಡೆ, ಎರಡು ಆಚೆ. ಆ ಎರಡರ ಅಡಿಕೆಯ ಬೆಲೆ ಕೊಟ್ಟರು, ಆಚೆಮನೆಯವರು ರಾಜಿಗೆ ಒಪ್ಪಿದರು. ಬೇಲಿ ಮಾತ್ರ ಇನ್ನೂ ಹಾಕಿಲ್ಲ. ನಮಸ್ಕಾರ.