ವಸ್ತುವೂ ಅವರ ಹತ್ತಿರ, ದುಡ್ಡೂ ಅವರ ಹತ್ತಿರ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ತರಿಸಿದ ವಸ್ತು ಸರಿ ಇಲ್ಲ ಅಂತ ವಾಪಸ್ ಮಾಡುತ್ತೀರಿ. ಪಿಕಪ್‌ಗೆ ಬಂದವರು ಬಾಕ್ಸ್ ತಗೊಂಡು ಹೋಗುತ್ತಾರೆ. ಅಲ್ಲಿಂದ ದುಡ್ಡು ಖಾತೆಗೆ ಬೀಳುವ ತನಕ ನಿಮ್ಮ ಕೈಯಲ್ಲಿ ಏನಿರುತ್ತದೆ? ವಸ್ತುವೂ ಇಲ್ಲ, ದುಡ್ಡೂ ಇಲ್ಲ. ಎರಡೂ ಮಾರಿದವರ ಕಡೆಯೇ ಇವೆ. ನಾನು ಇವತ್ತು ಮಾತಾಡುವುದು ಈ ನಡುವಿನ ದಿನಗಳ ಬಗ್ಗೆ. ಬಾಕ್ಸ್ ನಮ್ಮ ಕೈಬಿಟ್ಟ ದಿನದಿಂದಲೇ ರಿಫಂಡ್‌ನ ಲೆಕ್ಕ ಶುರುವಾಗಬೇಕು ಅನ್ನುವುದು ನನ್ನ ವಾದ.

ಈಗ ಹೇಗಿದೆ ನೋಡಿ. ಕೊಳ್ಳುವಾಗ ದುಡ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ವಾಪಸ್ ಬರುವಾಗ ಮಾತ್ರ ಹತ್ತು ಮೆಟ್ಟಿಲು. ಬಾಕ್ಸ್ ಗೋದಾಮಿಗೆ ಮುಟ್ಟಬೇಕು, ಅಲ್ಲಿ ಯಾರೋ ಬಿಚ್ಚಿ ನೋಡಬೇಕು, ಆಮೇಲೆ ಒಪ್ಪಿಗೆ, ಆಮೇಲೆ ಬ್ಯಾಂಕಿನ "ಕೆಲಸದ ದಿನಗಳು". ರಜೆ, ಭಾನುವಾರ ಅದರಲ್ಲಿ ಸೇರುವುದಿಲ್ಲ. ಬಾಕ್ಸ್ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಕಾಯುವವರು ಯಾರು? ನಾವೇ. ಕೊರಿಯರ್‌ನವರನ್ನು ಗೊತ್ತು ಮಾಡಿದ್ದು ಕಂಪನಿ, ಅವರು ತಡ ಮಾಡಿದರೆ ಅದನ್ನು ಅನುಭವಿಸುವುದು ಗ್ರಾಹಕ. ಇದು ಯಾವ ನ್ಯಾಯ?

ಇದು ಆಗದ ಮಾತೇನೂ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2011ರಲ್ಲಿ ಗ್ರಾಹಕ ಹಕ್ಕುಗಳ ಬಗ್ಗೆ ಒಂದು ಕಾನೂನು ಬಂತು, 2014ರ ಜೂನ್‌ನಿಂದ ಜಾರಿಯಲ್ಲಿದೆ. ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ವಸ್ತುಗಳನ್ನು ಕೈ ಸೇರಿದ 14 ದಿನದೊಳಗೆ ಬೇಡ ಅನ್ನಬಹುದು, ಕಾರಣವನ್ನೂ ಕೊಡಬೇಕಾಗಿಲ್ಲ. ಬೇಡ ಅಂತ ತಿಳಿಸಿದ ಮೇಲೆ ಮಾರಿದವರು 14 ದಿನದಲ್ಲಿ ದುಡ್ಡು ಕೊಡಬೇಕು. ವಸ್ತು ಬರಲಿ ಅಂತ ಅವರು ಕಾಯಬಹುದು, ನಿಜ. ಆದರೆ ಕಳಿಸಿದ್ದಕ್ಕೆ ನೀವು ಪುರಾವೆ ತೋರಿಸಿದರೆ ಆ ನೆಪ ಅಲ್ಲಿಗೆ ಮುಗಿಯಿತು. ವಸ್ತು ತಲುಪುವುದು, ಪುರಾವೆ ಸಿಗುವುದು, ಇವೆರಡರಲ್ಲಿ ಯಾವುದು ಮೊದಲೋ ಅದೇ ಲೆಕ್ಕ. ನಾನು ಕೇಳುತ್ತಿರುವುದೂ ಇದನ್ನೇ.

ಭಾರತದ 2020ರ ಇ-ಕಾಮರ್ಸ್ ನಿಯಮಗಳಲ್ಲೂ ಒಳ್ಳೆಯ ಅಂಶಗಳಿವೆ. ವಸ್ತು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಮಾರಾಟಗಾರರು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ದೂರು ಕೊಟ್ಟರೆ 48 ಗಂಟೆಯೊಳಗೆ ಅದು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆದರೆ ಒಪ್ಪಿಕೊಂಡ ರಿಫಂಡ್ ಯಾವಾಗ ಕೊಡಬೇಕು ಅನ್ನುವ ಕಡೆ ಬಂದಾಗ "ಸಮಂಜಸವಾದ ಅವಧಿ"ಯಲ್ಲಿ ಅಂತ ಇದೆ. ಯಾರಿಗೆ ಸಮಂಜಸ? ದುಡ್ಡು ಇಟ್ಟುಕೊಂಡವರಿಗೆ ಒಂದು ತಿಂಗಳೂ ಸಮಂಜಸವೇ. ಇಲ್ಲಿ ದಿನದ ಲೆಕ್ಕ ಬರೆಯಲೇಬೇಕು.

ರಿಫಂಡ್ ಪುಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಎರಡು ಆಯ್ಕೆ ಇರುತ್ತವೆ. ಮೇಲೆ ದಪ್ಪ ಅಕ್ಷರದಲ್ಲಿ "ವ್ಯಾಲೆಟ್‌ಗೆ, ತಕ್ಷಣ". ಎಷ್ಟೋ ಸಲ ಅದು ಮೊದಲೇ ಟಿಕ್ ಆಗಿರುತ್ತದೆ. ಕೆಳಗೆ ಮಂಕು ಬಣ್ಣದಲ್ಲಿ "ಬ್ಯಾಂಕ್ ಖಾತೆಗೆ, ಕೆಲವು ದಿನ". ಅವಸರದಲ್ಲಿ ಮುಂದೆ ಒತ್ತಿದರೆ ಮುಗಿಯಿತು. ನಿಮ್ಮ ದುಡ್ಡು ಅದೇ ಅಂಗಡಿಯಲ್ಲಿ ಮಾತ್ರ ಖರ್ಚು ಮಾಡಬಹುದಾದ ಕೂಪನ್ ಆಗಿಬಿಡುತ್ತದೆ. ಇಷ್ಟವಿದ್ದು ಆರಿಸಿಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ದುಡ್ಡು ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ಬರಬೇಕು. ಬೇರೆ ದಾರಿ ಬೇಕಾದರೆ ಅದನ್ನು ನಾವು ಕೇಳಬೇಕು, ಅವರು ನಮ್ಮ ಪರವಾಗಿ ಟಿಕ್ ಹಾಕಬಾರದು.

ಇನ್ನು "ರಿಫಂಡ್ ಇನಿಶಿಯೇಟೆಡ್" ಅನ್ನುವ ಮೆಸೇಜು. ಇದನ್ನು ಓದಿ ನಾವು ನಿರಾಳ ಆಗುತ್ತೇವೆ, ಅಲ್ವಾ? ದುಡ್ಡು ಬಂತು ಅಂತ ಅದರ ಅರ್ಥ ಅಲ್ಲ. ಕಳಿಸಲು ಶುರು ಮಾಡಿದ್ದೇವೆ ಅಂತ ಅಷ್ಟೇ. ನನಗೂ ಹೀಗೆ ಆಗಿತ್ತು. ಒಂದು ಕಿವಿಗೆ ಮಾತ್ರ ಕೇಳುತ್ತಿದ್ದ ಹೆಡ್‌ಫೋನ್ ವಾಪಸ್ ಕಳಿಸಿದ್ದೆ. ಕಂಪನಿಯವರು "ನಮ್ಮ ಕಡೆಯಿಂದ ಆಗಿದೆ, ಬ್ಯಾಂಕ್ ಕೇಳಿ" ಅಂದರು. ಬ್ಯಾಂಕಿನವರು "ನಮಗೇನೂ ಬಂದಿಲ್ಲ, ಕಂಪನಿ ಕೇಳಿ" ಅಂದರು. ಕೊನೆಗೆ ದಾರಿ ತೋರಿಸಿದ್ದು ಒಂದು ನಂಬರು. ಕಾರ್ಡಿನಲ್ಲಿ ಕೊಟ್ಟ ದುಡ್ಡಿನ ರಿಫಂಡ್‌ಗೆ ಎಆರ್‌ಎನ್ ಅಂತ 23 ಅಂಕಿಯ ಒಂದು ಗುರುತು ಇರುತ್ತದೆ. ಅಕ್ವೈರರ್ ರೆಫರೆನ್ಸ್ ನಂಬರ್ ಅಂತ ಅದರ ಪೂರ್ತಿ ಹೆಸರು. ಅದನ್ನು ಕಂಪನಿಯಿಂದ ಕೇಳಿ ಪಡೆದು ಬ್ಯಾಂಕಿಗೆ ಕೊಟ್ಟರೆ ದುಡ್ಡು ಎಲ್ಲಿದೆ ಅಂತ ಅವರು ಹುಡುಕಬಹುದು. ಈ ನಂಬರನ್ನು ನಾವು ಕೇಳಿ ಪಡೆಯಬೇಕಾದ ಪರಿಸ್ಥಿತಿ ಯಾಕೆ? ಆ ಮೆಸೇಜಿನಲ್ಲೇ ಹಾಕಿ ಕಳಿಸಲು ಏನು ಕಷ್ಟ?

ಮಾರುವವರ ಕಷ್ಟವನ್ನೂ ಹೇಳಲೇಬೇಕು. ಬಟ್ಟೆ ತರಿಸಿ, ಒಂದು ಸಮಾರಂಭಕ್ಕೆ ಉಟ್ಟು, ಟ್ಯಾಗ್ ಮತ್ತೆ ಸಿಕ್ಕಿಸಿ ವಾಪಸ್ ಕಳಿಸುವವರಿದ್ದಾರೆ. ಬಾಕ್ಸಿನಲ್ಲಿ ಹಳೇ ವಸ್ತು ತುಂಬಿ ಕಳಿಸುವವರೂ ಇದ್ದಾರೆ. ಇದು ಕಳ್ಳತನ. ಇದರ ಪೆಟ್ಟು ಜಾಸ್ತಿ ಬೀಳುವುದು ಸಣ್ಣ ಮಾರಾಟಗಾರರ ಮೇಲೆ. ಹೋಗುವ ಖರ್ಚು, ಬರುವ ಖರ್ಚು ಎರಡೂ ಅವರ ತಲೆಗೇ ಬರುತ್ತದೆ. ಆದ್ದರಿಂದ ಪರಿಶೀಲನೆ ಬೇಡ ಅಂತ ನಾನು ಹೇಳುವುದಿಲ್ಲ. ಅದು ನಮ್ಮ ಕಣ್ಣೆದುರಿಗೇ, ಬಾಗಿಲಲ್ಲೇ ಆಗಲಿ. ಈಗಲೂ ಎಷ್ಟೋ ಕಡೆ ಪಿಕಪ್‌ಗೆ ಬಂದವರು ಮೊಬೈಲಿನಲ್ಲಿ ಫೋಟೋ ನೋಡಿ ಬಣ್ಣ, ಟ್ಯಾಗ್, ಸೀರಿಯಲ್ ನಂಬರ್ ಹೊಂದಿಸಿಕೊಂಡೇ ಬಾಕ್ಸ್ ತಗೊಳ್ಳುತ್ತಾರೆ. ಅವರು ಸರಿ ಇದೆ ಅಂತ ಒತ್ತಿದ ಮೇಲೆ, ಯಾವುದೋ ಗೋದಾಮಿನಲ್ಲಿ ನಾವು ಇಲ್ಲದಾಗ "ವಸ್ತು ಸರಿ ಇಲ್ಲ" ಅಂತ ತಿರುಗಿಸಿ ಹೇಳಿದರೆ ನಾವು ಏನಂತ ಉತ್ತರ ಕೊಡುವುದು?

ಇದೆಲ್ಲ ಬದಲಾಗುವವರೆಗೆ ಪುರಾವೆ ನಾವೇ ಇಟ್ಟುಕೊಳ್ಳಬೇಕು. ಬಾಕ್ಸ್ ಬಿಚ್ಚುವಾಗ ನಡುವೆ ಎಲ್ಲೂ ನಿಲ್ಲಿಸದ ಒಂದು ವಿಡಿಯೋ, ಶುರುವಿನಲ್ಲಿ ವಿಳಾಸದ ಲೇಬಲ್ ಕಾಣುವ ಹಾಗೆ. ಆ ಲೇಬಲ್ ಮೇಲೆ ಎಷ್ಟೋ ಸಲ ತೂಕ ಬರೆದಿರುತ್ತದೆ, ಅದರದ್ದೂ ಒಂದು ಫೋಟೋ ತೆಗೆದಿಡಿ. ಖಾಲಿ ಬಾಕ್ಸ್ ಬಂದಿದೆ ಅಂತ ವಾದ ಬಂದಾಗ ಅದು ಕೆಲಸಕ್ಕೆ ಬರುತ್ತದೆ. ವಾಪಸ್ ಕೊಡುವಾಗ ಮತ್ತೆ ವಿಡಿಯೋ, ಜೊತೆಗೆ ಪಿಕಪ್ ರಸೀದಿ. ಅದು ಕೈಗೆ ಬರದೆ ಬಾಕ್ಸ್ ಬಿಡಬೇಡಿ.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಕಾಡುತ್ತದೆ. ರಿಫಂಡ್ ತಡವಾದಾಗ ಜನ ಗಾಬರಿಯಾಗಿ ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕುತ್ತಾರೆ. ವಂಚಕರು ಕಾದಿರುವುದು ಅಲ್ಲೇ. ಅವರ ನಂಬರಿಗೆ ಕರೆ ಮಾಡಿದರೆ ತುಂಬ ಮರ್ಯಾದೆಯಿಂದ ಮಾತಾಡುತ್ತಾರೆ. ಒಂದು ಲಿಂಕ್ ಕಳಿಸುತ್ತಾರೆ, ಇಲ್ಲ ಒಂದು ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾರೆ. ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ, ಪಡೆಯುವುದಕ್ಕೆ ಅಲ್ಲ. ಕಂಪನಿಗಳು ದುಡ್ಡು ತಡೆದಿಟ್ಟಷ್ಟು ದಿನವೂ ಇವರ ವ್ಯಾಪಾರ ಜೋರಾಗಿ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಹೊಸದಾಗಿ ಆನ್‌ಲೈನ್ ಕೊಳ್ಳಲು ಶುರು ಮಾಡಿದ ಹಿರಿಯರಿದ್ದರೆ, ಸಹಾಯದ ನಂಬರನ್ನು ಆ ಕಂಪನಿಯ ಆ್ಯಪ್ ಒಳಗೆ ಎಲ್ಲಿ ನೋಡಬೇಕು ಅಂತ ಇವತ್ತೇ ಕೂತು ತೋರಿಸಿಕೊಡಿ.