ವಾಸಿಯಾದ ಹಸುವಿನ ರಕ್ತದಲ್ಲಿ ಉಳಿದದ್ದು

ರೈತ ಬಾಂಧವರಿಗೆ ನಮಸ್ಕಾರ.

ಹಸುವಿಗೆ ಜೋರು ಜ್ವರ. ಮೇವು ಮುಟ್ಟುತ್ತಿಲ್ಲ, ಸಗಣಿ ಗಟ್ಟಿಯಾಗಿದೆ, ಹಾಲು ಇಳಿದಿದೆ. ರೆಪ್ಪೆ ಬಿಡಿಸಿ ನೋಡಿದರೆ ಒಳಪೊರೆ ಬಿಳಿಚಿಕೊಂಡಿದೆ, ಅಂಚಿನಲ್ಲಿ ಹಳದಿ. ಇಂಥ ಹಸುವಿನ ಮುಂದೆ ನಿಂತಾಗ ಪಶುವೈದ್ಯರು ಕೇಳುವ ಪ್ರಶ್ನೆ: ಉಚ್ಚೆ ಕೆಂಪಗಿದೆಯೇ? ಕೆಂಪಗಿದ್ದರೆ ಬೆಬೀಸಿಯಾ ಎಂಬ ರೋಗಾಣುವಿನ ಮೇಲೆ ಗುಮಾನಿ. ಇಲ್ಲದಿದ್ದರೆ ಅನಾಪ್ಲಾಸ್ಮಾ ಎಂಬ ಇನ್ನೊಂದು ರೋಗಾಣು ಇರಬಹುದು. ಇದರಲ್ಲಿ ಕೆಂಪು ರಕ್ತಕಣಗಳು ರಕ್ತನಾಳದೊಳಗೆ ಒಡೆಯುವುದಿಲ್ಲ, ಗುಲ್ಮದಂಥ ಅಂಗಗಳಲ್ಲಿ ನಾಶವಾಗುತ್ತವೆ. ಹಾಗಾಗಿ ಉಚ್ಚೆಗೆ ಕೆಂಪು ಬರುವುದಿಲ್ಲ.

ಎರಡನ್ನೂ ಮುಖ್ಯವಾಗಿ ಹರಡುವುದು ಉಣ್ಣೆಯೇ. ಆದರೆ ಬೆಬೀಸಿಯಾ ಏಕಕೋಶ ಪರೋಪಜೀವಿ, ಅನಾಪ್ಲಾಸ್ಮಾ ಬ್ಯಾಕ್ಟೀರಿಯಾ. ಒಂದಕ್ಕೆ ಕೊಡುವ ಎಲ್ಲ ಔಷಧವೂ ಇನ್ನೊಂದಕ್ಕೆ ನಾಟುವುದಿಲ್ಲ. ಅದಕ್ಕೇ ರಕ್ತಪರೀಕ್ಷೆ ಮಾಡಿಸಿ ಎಂದು ಒತ್ತಾಯ ಮಾಡುವುದು.

1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ವಿಜ್ಞಾನಿ ಅರ್ನಾಲ್ಡ್ ಥೈಲರ್ ಅನಾಪ್ಲಾಸ್ಮಾ ರೋಗಾಣುವನ್ನು ಗುರುತಿಸಿದರು. ರಕ್ತಕಣದ ಅಂಚಿಗೆ ಅಂಟಿಕೊಂಡ ಕಪ್ಪು ಚುಕ್ಕೆಯಂತೆ ಕಂಡದ್ದರಿಂದಲೇ ಅದರ ಹೆಸರಿನಲ್ಲಿ ‘ಮಾರ್ಜಿನಾಲೆ’ ಸೇರಿತು. ಕಿವಿಯ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ, ಜಿಮ್ಸಾ ಬಣ್ಣ ಹಾಕಿ ಇವತ್ತಿಗೂ ಆ ಚುಕ್ಕೆಯನ್ನೇ ಹುಡುಕುತ್ತೇವೆ. ಕಾಯಿಲೆ ಬಿದ್ದ ಹಸುವಿಗೆ ಇದೇ ಮೊದಲ ಪರೀಕ್ಷೆ.

ತೊಡಕಿರುವುದು ವಾಸಿಯಾದ ಹಸುವಿನಲ್ಲಿ. ಮೈ ತುಂಬಿಕೊಂಡಿದೆ, ಹಾಲು ಕೊಡುತ್ತಿದೆ, ಆದರೂ ರೋಗಾಣು ಅದರ ರಕ್ತದಲ್ಲಿ ವರ್ಷಗಟ್ಟಲೆ, ಎಷ್ಟೋ ಸಲ ಜೀವಮಾನವಿಡೀ ಉಳಿದಿರುತ್ತದೆ. ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಕಡಿಮೆ. ಅಂಥ ಹಸುವನ್ನು ಸಂತೆಯಿಂದ ಹಟ್ಟಿಗೆ ತಂದರೆ, ತಿಂಗಳೊಪ್ಪತ್ತಿನಲ್ಲಿ ಮಲಗುವುದು ನಿಮ್ಮ ಹಳೆಯ ಹಸು.

ಇಲ್ಲಿ ಕೈಹಿಡಿಯುವುದು ಪಿ.ಸಿ.ಆರ್. ಪರೀಕ್ಷೆ. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮನೆಗೂ ಗೊತ್ತಾಯಿತು. ಅನಾಪ್ಲಾಸ್ಮಾದ ಡಿ.ಎನ್.ಎ.ಯಲ್ಲಿ ಎಂ.ಎಸ್.ಪಿ. 5 ಎಂಬ ಜೀನ್ ಇದೆ. ರಕ್ತದಿಂದ ಡಿ.ಎನ್.ಎ. ತೆಗೆದು, ಕಾಯಿಸಿ, ಆರಿಸಿ, ಆ ಜೀನಿನ ತುಣುಕನ್ನಷ್ಟೇ ನಕಲು ಮಾಡಿಸುತ್ತಾರೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಲೆಕ್ಕ ಹಾಕಿ ನೋಡಿ, 30 ಸುತ್ತು ಮುಗಿಯುವ ಹೊತ್ತಿಗೆ ಒಂದೇ ತುಣುಕು 100 ಕೋಟಿ ದಾಟಬಲ್ಲದು! ಅಡಗಿದ್ದರೂ ಅದು ಬಹುಮಟ್ಟಿಗೆ ಹೊರಗೆ ಬರುತ್ತದೆ.

ಆದರೆ ಫಲಿತಾಂಶವನ್ನು ಸರಿಯಾಗಿ ಓದಬೇಕು. ಆರೋಗ್ಯವಾಗಿರುವ ಹಸುವಿನಲ್ಲಿ ರೋಗಾಣು ಸಿಕ್ಕಿತೆಂದರೆ ಅದು ಈಗ ಕಾಯಿಲೆ ಬಿದ್ದಿದೆ ಎಂದಲ್ಲ. ಗಾಬರಿಬಿದ್ದು ಮಾರಿಬಿಡಬೇಡಿ. ಹಾಗೆಯೇ ಜ್ವರದಲ್ಲಿ ನರಳುವ ಹಸುವಿಗೆ ಪಿ.ಸಿ.ಆರ್. ವರದಿ ಬರಲಿ ಎಂದು ಚಿಕಿತ್ಸೆ ತಡಮಾಡಲೂ ಬೇಡಿ.

ಉಣ್ಣೆ ಇಲ್ಲದೆಯೂ ಈ ರೋಗ ದಾಟುತ್ತದೆ. ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ದನಗಳಿಗೆ ಚುಚ್ಚುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೂಜಿ ಬದಲಿಸಿ ಎಂದು ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು.

ಹೊಸ ಹಸು ತಂದಾಗ ಬೇರೆ ಕಟ್ಟಿ. ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಹುಡುಕಿ. ಪಶುವೈದ್ಯರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇ.ಡಿ.ಟಿ.ಎ. ನಳಿಕೆಗೆ ರಕ್ತ ತೆಗೆಸಿ. ನಳಿಕೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು, ಕುಲುಕಬಾರದು. ಐಸ್ ಡಬ್ಬಿಯಲ್ಲಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ತಲುಪಿಸಿ.

ನಮಸ್ಕಾರ.