ಸೀಟಿನ ಕೆಳಗೆ ಕಟ್ಟರ್ ಇಡಿಸಬೇಡಿ

ನಮಸ್ಕಾರ. ಇವತ್ತು ಒಂದೇ ವಿಷಯ. ಸ್ವಲ್ಪ ಸಿಟ್ಟಿನಿಂದಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೆ ಪೆಟ್ರೋಲ್ ಕಾರಿನ ಫ್ಯೂಯೆಲ್ ಪಂಪ್ ಕೆಟ್ಟಿತು ಅಂತ ಇಟ್ಟುಕೊಳ್ಳಿ. ಪಂಪ್ ಟ್ಯಾಂಕಿನ ಒಳಗಿದೆ. ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲಿದೆ. ಕೆಲವು ಕಾರುಗಳಲ್ಲಿ ಸೀಟು ಎತ್ತಿದರೆ ಒಂದು ಸಣ್ಣ ಮುಚ್ಚಳ ಕಾಣಿಸುತ್ತದೆ, ಸ್ಕ್ರೂ ಬಿಚ್ಚಿದರೆ ಪಂಪ್ ಕೈಗೆ ಸಿಗುತ್ತದೆ. ಆದರೆ ಎಷ್ಟೋ ಸಣ್ಣ ಕಾರುಗಳಲ್ಲಿ ಆ ಮುಚ್ಚಳವೇ ಇಲ್ಲ, ಬರೀ ತಗಡು. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಇದು: "ಸಾರ್, ಟ್ಯಾಂಕ್ ಇಳಿಸಿದರೆ ಅರ್ಧ ದಿನ. ಮೇಲಿಂದ ಕೊಯ್ದರೆ ಅರ್ಧ ಗಂಟೆ."

ನಾವು ಏನು ಹೇಳುತ್ತೇವೆ? "ಬೇಗ ಆಗುವುದನ್ನು ಮಾಡಪ್ಪ." ಕಟ್ಟರ್ ಬರುತ್ತದೆ, ತಗಡು ಕೊಯ್ಯುತ್ತಾರೆ, ಪಂಪ್ ಹಾಕುತ್ತಾರೆ. ಕೊಯ್ದ ಜಾಗಕ್ಕೆ ಒಂದು ತಗಡಿನ ತುಂಡು, ಸುತ್ತ ಎಂ-ಸೀಲ್. ಸೀಟು ಕೂರಿಸಿದರೆ ಯಾರಿಗೂ ಕಾಣಿಸುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಇದನ್ನು ಮಾಡಿಸಬೇಡಿ. ದುಡ್ಡು ಜಾಸ್ತಿ ಆದರೂ ಟ್ಯಾಂಕ್ ಇಳಿಸಿಯೇ ಮಾಡಿಸಿ. ಅದಕ್ಕೂ ಮೊದಲು, ಪಂಪ್ ನಿಜವಾಗಿ ಸತ್ತಿದೆಯಾ ಅಂತ ಗಟ್ಟಿ ಮಾಡಿಕೊಳ್ಳಿ.

ಈ ಪಂಪನ್ನು ಟ್ಯಾಂಕಿನೊಳಗೆ ಯಾಕಾದರೂ ಇಟ್ಟರು ಅಂತ ಬೈಯುವವರಿದ್ದಾರೆ. ಇಟ್ಟದ್ದಕ್ಕೆ ಕಾರಣ ಇದೆ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಕಾಲದಲ್ಲಿ ಪಂಪ್ ಎಂಜಿನ್ ಪಕ್ಕದಲ್ಲೇ ಇರುತ್ತಿತ್ತು. ಕ್ಯಾಮ್‌ಶಾಫ್ಟ್ ಒಂದು ಲಿವರ್ ತಳ್ಳುತ್ತಿತ್ತು, ಒಳಗೊಂದು ಡಯಾಫ್ರಾಮ್, ಅಷ್ಟೇ. ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತಿತ್ತು. ಆದರೆ ಅದಕ್ಕೂ ಕಷ್ಟ ಇತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರನ್ನು ಕೇಳಿ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಗಾಡಿ ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದರು. ಎಂಜಿನ್ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿತ್ತು, ಪಂಪ್ ಆ ಆವಿಯನ್ನೇ ಎಳೆದುಕೊಂಡು ಕೂರುತ್ತಿತ್ತು.

ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಸ್ಯಾಂಟ್ರೊ 1998ರಲ್ಲಿ ಇಂಜೆಕ್ಷನ್ ಜೊತೆಗೇ ಬಂತು, ಮಾರುತಿ 800ಕ್ಕೆ 2000ದ ಹೊತ್ತಿಗೆ ಬಂತು. ಹಳೆ ಪಂಪಿಗೆ ಸುಮಾರು 0.3 ಬಾರ್ ಒತ್ತಡ ಸಾಕಿತ್ತು. ಇಂಜೆಕ್ಟರಿಗೆ 3 ಬಾರ್ ಆಸುಪಾಸು ಬೇಕು. ಅಷ್ಟು ದೂರದಿಂದ ಎಳೆಯುವುದಕ್ಕಿಂತ ಟ್ಯಾಂಕಿನ ತಳದಿಂದ ತಳ್ಳುವುದೇ ಸರಿ. ಎಳೆದರೆ ಪೆಟ್ರೋಲ್ ಬೇಗ ಆವಿಯಾಗುತ್ತದೆ, ತಳ್ಳಿದರೆ ಒತ್ತಡದಲ್ಲಿರುವುದರಿಂದ ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಮೋಟರಿನ ಒಳಗೇ ಪೆಟ್ರೋಲ್ ಹರಿದು ಹೋಗುತ್ತದೆ, ಅದನ್ನು ತಣ್ಣಗೂ ಇಡುತ್ತದೆ.

ಪೆಟ್ರೋಲಿನ ಮಧ್ಯೆ ಕರೆಂಟ್ ಮೋಟರ್, ಬೆಂಕಿ ಹತ್ತುವುದಿಲ್ಲವಾ? ಎಲ್ಲರೂ ಕೇಳುವ ಪ್ರಶ್ನೆ. ಉತ್ತರದಲ್ಲೇ ನನ್ನ ಇಡೀ ವಾದ ಇದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಕೇಳಿ. ಪೆಟ್ರೋಲ್ ಆವಿ ಹತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 1.4ರಿಂದ 7.6 ಶೇಕಡಾ ಒಳಗೆ ಇರಬೇಕು. ಅದಕ್ಕಿಂತ ಕಮ್ಮಿಯಾದರೂ ಉರಿಯುವುದಿಲ್ಲ, ಜಾಸ್ತಿಯಾದರೂ ಉರಿಯುವುದಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆ ಅಂದರೆ ಉರಿಯುವುದಕ್ಕೆ ಗಾಳಿಯೇ ಸಾಲುವುದಿಲ್ಲ. ಮೋಟರ್ ನೆಮ್ಮದಿಯಾಗಿ ತಿರುಗುತ್ತಿರುತ್ತದೆ.

ಈಗ ಟ್ಯಾಂಕಿನ ಬಾಯಿ ತೆರೆಯಿರಿ. ಅಥವಾ ಟ್ಯಾಂಕ್ ಮೇಲಿನ ಹಳೆ ಸೀಲೋ ಪೈಪೋ ಸ್ವಲ್ಪ ಒಸರುತ್ತಿದೆ ಅನ್ನಿ. ಆವಿ ಹೊರಗೆ ಬರುತ್ತದೆ, ಗಾಳಿ ಜೊತೆ ಬೆರೆಯುತ್ತದೆ. ಒಳಗೆ ವಿಪರೀತ ದಟ್ಟ, ಹೊರಗೆ ವಿಪರೀತ ತೆಳು. ನಡುವೆ ಎಲ್ಲೋ ಒಂದು ಕಡೆ ಉರಿಯುವುದಕ್ಕೆ ಹೇಳಿಮಾಡಿಸಿದ ಪ್ರಮಾಣ ಇದ್ದೇ ಇರುತ್ತದೆ. ಸೀಟಿನ ತಗಡಿಗೂ ಟ್ಯಾಂಕಿಗೂ ನಡುವೆ ಇರುವ ಆ ಸಂದಿ ಇದೆಯಲ್ಲ, ಸರಿಯಾಗಿ ಅಲ್ಲಿ. ಕಟ್ಟರಿನ ಕಿಡಿ ಉದುರುವುದೂ ಅಲ್ಲೇ.

"ಇಷ್ಟು ವರ್ಷ ಮಾಡಿದ್ದೇವೆ ಸಾರ್, ಏನೂ ಆಗಿಲ್ಲ" ಅನ್ನುತ್ತಾರೆ. ಆಗಿಲ್ಲ ಅಂದರೆ ಆವತ್ತು ಸೀಲ್ ಒಸರುತ್ತಿರಲಿಲ್ಲ, ಅಷ್ಟೇ. ಕಟ್ಟರ್ ಬೇಡ, ಉಳಿಯಿಂದ ಕೊಯ್ಯುತ್ತೇವೆ ಅನ್ನುವವರೂ ಇದ್ದಾರೆ. ಕಿಡಿ ಕಮ್ಮಿಯಾಗಬಹುದು, ಆದರೆ ತಗಡಿನ ಅಡಿಯಲ್ಲೇ ವೈರು, ಪೆಟ್ರೋಲ್ ಪೈಪು ಹಾದು ಹೋಗಿರುತ್ತದೆ. ಉಳಿ ಎಲ್ಲಿ ನಿಲ್ಲಬೇಕು ಅಂತ ಮೇಲಿನಿಂದ ಕಾಣಿಸುವುದಿಲ್ಲ.

ಬೆಂಕಿ ಹತ್ತಲಿಲ್ಲ, ಕೆಲಸ ಮುಗಿಯಿತು ಅನ್ನೋಣ. ಆ ತಗಡು ಸುಮ್ನೆ ಅಲ್ಲಿರಲಿಲ್ಲ. ಪೆಟ್ರೋಲಿಗೂ ಹಿಂದಿನ ಸೀಟಿನಲ್ಲಿ ಕೂತವರಿಗೂ ನಡುವೆ ಇದ್ದ ಗೋಡೆ ಅದು. ಅಲ್ಲಿ ಕೂರುವವರು ಯಾರು? ಮಕ್ಕಳು, ಅಪ್ಪ ಅಮ್ಮ. ತೇಪೆ ಹಾಕಿದ ತಗಡು ಕೆಲವು ತಿಂಗಳಲ್ಲಿ ಅಲುಗಾಡುತ್ತದೆ. ಎಂ-ಸೀಲ್ ಬಿರುಕು ಬಿಡುತ್ತದೆ. ಪೆಟ್ರೋಲ್ ವಾಸನೆ, ಸೈಲೆನ್ಸರ್ ಹೊಗೆ, ಮಳೆ ನೀರು ಎಲ್ಲಕ್ಕೂ ದಾರಿ. ಕೊಯ್ದ ಅಂಚಿಗೆ ಪೇಂಟ್ ಇಲ್ಲ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಆ ಅಂಚು ಎಷ್ಟು ದಿನ ತಾಳುತ್ತದೆ, ನೀವೇ ಹೇಳಿ.

ಮೆಕ್ಯಾನಿಕ್ಕನ್ನು ಮಾತ್ರ ಬೈದರೆ ಅನ್ಯಾಯ. ಟ್ಯಾಂಕ್ ಇಳಿಸುವುದು ನಿಜಕ್ಕೂ ಗೋಳು. ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಪೆಟ್ರೋಲ್ ಖಾಲಿ ಮಾಡಬೇಕು. 35 ಲೀಟರ್ ಟ್ಯಾಂಕಿನಲ್ಲಿ ಅರ್ಧ ಇದ್ದರೂ ಪೆಟ್ರೋಲೇ ಹದಿಮೂರು ಕಿಲೋ ತೂಗುತ್ತದೆ, ಇಳಿಸುವಾಗ ಒಂದು ಕಡೆಗೆ ವಾಲುತ್ತದೆ. ಸೈಲೆನ್ಸರ್ ಅಡ್ಡ ಬರುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಅಡ್ಡ ಬರುತ್ತದೆ. ಇಪ್ಪತ್ತು ವರ್ಷ ಕೆಸರು ತಿಂದ ಬೋಲ್ಟ್ ತಿರುಗುವ ಬದಲು ಮುರಿಯುತ್ತದೆ. ಪೆಟ್ರೋಲ್ ಹಾಕುವ ಬಾಯಿಂದ ಬರುವ ದಪ್ಪ ರಬ್ಬರ್ ಹೋಸ್ ಗಟ್ಟಿಯಾಗಿ ಕೂತಿರುತ್ತದೆ. ಇಷ್ಟಕ್ಕೆಲ್ಲ ನಾವು ಕೊಡುವ ಲೇಬರ್ ಎಷ್ಟು? ಅದರಲ್ಲೂ ಚೌಕಾಸಿ. ಆಮೇಲೆ ಅವರು ಕಟ್ಟರ್ ಎತ್ತಿಕೊಂಡರೆ ತಪ್ಪು ಪೂರ್ತಿ ಅವರದ್ದಾ?

ನನ್ನ ಸಿಟ್ಟಿನ ದೊಡ್ಡ ಪಾಲು ಕಾರು ಡಿಸೈನ್ ಮಾಡಿದವರ ಮೇಲೆ. ಒಂದು ಅಗಲವಾದ ತೂತು, ಒಂದು ಮುಚ್ಚಳ, ಒಂದು ರಬ್ಬರ್ ಬೀಡಿಂಗ್. ಫ್ಯಾಕ್ಟರಿಯಲ್ಲಿ ತಗಡು ಒತ್ತುವಾಗಲೇ ಮಾಡಿದ್ದರೆ ಮುಗಿಯುತ್ತಿತ್ತು. ಪಂಪ್ ಅನ್ನುವುದು ಸವೆಯುವ ವಸ್ತು, ಒಂದಲ್ಲ ಒಂದು ದಿನ ಬದಲಾಯಿಸಲೇಬೇಕು ಅಂತ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆ ದಿನ ವಾರಂಟಿ ಇರುವುದಿಲ್ಲ ಅಂತಲೂ ಗೊತ್ತಿತ್ತು. 2014ರಲ್ಲಿ ಕಾಂಪಿಟಿಷನ್ ಕಮಿಷನ್, ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿ ನ್ಯಾಯವಾಗಿರಲಿ ಅಂತ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ, 14 ಕಾರು ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿಗೂ ಜಾಸ್ತಿ ದಂಡ ಹಾಕಿತು. ಒರಿಜಿನಲ್ ಬಿಡಿಭಾಗ, ರಿಪೇರಿ ಮಾಹಿತಿ ಎರಡನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಆದರೆ ಇಲ್ಲದ ಮುಚ್ಚಳದ ಮೇಲೆ ಯಾರು ಕೇಸು ಹಾಕುತ್ತಾರೆ?

ಸರಿ, ಬೈದದ್ದು ಸಾಕು. ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಏನು ಮಾಡಬೇಕು?

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನಿಂದ ಎರಡು ಮೂರು ಸೆಕೆಂಡ್ "ಜುಂಯ್" ಅಂತ ಸದ್ದು ಬರಬೇಕು. ಬರಲಿಲ್ಲ ಅಂದ ತಕ್ಷಣ ಪಂಪ್ ಹೋಯಿತು ಅಂತ ತೀರ್ಮಾನ ಮಾಡಬೇಡಿ. ಫ್ಯೂಸ್ ಇದೆ, ರಿಲೇ ಇದೆ, ಕನೆಕ್ಟರ್ ಇದೆ, ಅರ್ತ್ ವೈರ್ ಇದೆ. ಮೈಸೂರಿನಲ್ಲಿರುವ ನಮ್ಮ ಮಾವನ ಕಾರಿಗೆ ಒಂದು ಗ್ಯಾರೇಜಿನವರು ಹೊಸ ಪಂಪ್ ಹಾಕಿ, ದುಡ್ಡು ತೆಗೆದುಕೊಂಡು ಕಳಿಸಿದರು. ವಾರದಲ್ಲಿ ಮತ್ತೆ ರಿಂಗ್ ರೋಡಿನಲ್ಲಿ ನಿಂತಿತು. ಕೊನೆಗೆ ನೋಡಿದರೆ ಡಿಕ್ಕಿಯಲ್ಲಿ ಕಾರಿನ ಬಾಡಿ ತಗಡಿಗೆ ಕೂರಿಸಿದ್ದ ಅರ್ತ್ ವೈರಿನ ತುದಿ ಹಸಿರು ಪಾಚಿ ಹಿಡಿದಿತ್ತು. ಉಪ್ಪಿನ ಕಾಗದ ಹಾಕಿ ಉಜ್ಜಿ, ಬೋಲ್ಟ್ ಬಿಗಿ ಮಾಡಿದ ಮೇಲೆ ಗಾಡಿ ಸರಿಹೋಯಿತು. "ಹಳೆ ಪಂಪ್ ಎಲ್ಲಿ?" ಅಂತ ಮಾವ ಕೇಳಿದರೆ "ಬಿಸಾಕಿದ್ದೇವೆ ಅಂಕಲ್" ಅಂದರಂತೆ.

ಮಲ್ಟಿಮೀಟರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ. ಪಂಪ್ ಓಡುವಾಗ ಅದರ ಕನೆಕ್ಟರಿನಲ್ಲಿ ಬ್ಯಾಟರಿಯ ಹತ್ತಿರ ಹತ್ತಿರ ವೋಲ್ಟೇಜ್ ಸಿಗಬೇಕು. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 9 ಬಂದರೆ ತಪ್ಪು ವೈರಿನದ್ದು. ವೋಲ್ಟೇಜ್ ಸರಿ ಇದ್ದು ಸದ್ದೇ ಇಲ್ಲ ಅಂದರೆ ಪಂಪಿನದ್ದು. ಸದ್ದು ಇದೆ, ಆದರೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ ಅಂದರೆ ಪ್ರೆಶರ್ ಗೇಜ್ ಹಾಕಿಸಿ ನೋಡಿ. ಪ್ರೆಶರ್ ಕಮ್ಮಿ ಇದ್ದರೆ ಮೊದಲು ಕಾರಿನ ಅಡಿಯಲ್ಲಿರುವ ಫಿಲ್ಟರ್ ಬದಲಾಯಿಸಿ. ಅದಕ್ಕೆ ಟ್ಯಾಂಕ್ ಇಳಿಸಬೇಕಾಗಿಲ್ಲ. ಬೆಳಗ್ಗೆ ಮೊದಲ ಸಲ ಮಾತ್ರ ಉದ್ದಕ್ಕೆ ಸೆಲ್ಫ್ ಹೊಡೆಯಬೇಕು, ಆಮೇಲೆ ಇಡೀ ದಿನ ಸರಿ ಅಂದರೆ, ಪಂಪಿನೊಳಗಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹರಿಯದ ಹಾಗೆ ತಡೆಯುವ ಕವಾಟ) ರಾತ್ರಿಯೆಲ್ಲ ಪ್ರೆಶರ್ ಹಿಡಿದಿಡುತ್ತಿಲ್ಲ ಅಂತ ಅನುಮಾನ ಪಡಬಹುದು.

ದಾರಿಯಲ್ಲಿ ನಿಂತರೆ ಒಂದು ಹಳೆ ಉಪಾಯ ಇದೆ. ಒಬ್ಬರು ಕೀ ಆನ್ ಮಾಡಲಿ, ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ಚಪ್ಪಲಿಯಿಂದಲೋ ರಬ್ಬರ್ ಸುತ್ತಿಗೆಯಿಂದಲೋ ಎರಡು ತಟ್ಟು ತಟ್ಟಲಿ. ಸವೆದ ಮೋಟರ್ ಕೆಲವು ಸಲ ಎದ್ದು ಓಡುತ್ತದೆ, ಮನೆ ಸೇರಬಹುದು. ಓಡಿತು ಅಂದರೆ ಪಂಪೇ ಸವೆದಿದೆ ಅಂತ ಬಲವಾಗಿ ಅನುಮಾನ ಪಡುವುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಪಂಪೇ ಹೋಗಿದೆ ಅಂತ ಖಾತ್ರಿ ಆಯಿತು. ಟ್ಯಾಂಕ್ ಇಳಿಯಿತು. ಹೊರಗೆ ಬಂದ ಪಂಪ್ ಅಸೆಂಬ್ಲಿಯನ್ನು ನೀವೇ ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಒಂದು ಜಾಲರಿ ಚೀಲ ಇರುತ್ತದೆ, ಸ್ಟ್ರೇನರ್ ಅನ್ನುತ್ತಾರೆ. ಹೊಸದರಲ್ಲಿ ಬೆಳ್ಳಗಿರುತ್ತದೆ. ನಾನು ನೋಡಿದ ಒಂದು ಹಳೆ ಕಾರಿನದ್ದು ಕಾಫಿ ಸೋಸಿ ಬಿಟ್ಟ ಬಟ್ಟೆಯ ಹಾಗಿತ್ತು, ಹಿಂಡಿದರೆ ಕಂದು ಕೆಸರು, ಅದರಲ್ಲಿ ತುಕ್ಕಿನ ಹುಡಿ. ಮೇಲಿನ ಪ್ಲಾಸ್ಟಿಕ್ ಕನೆಕ್ಟರಿನ ಒಂದು ಪಿನ್ ಸುತ್ತ ಸುಟ್ಟ ಕಲೆ. ಒಳಗಿನ ಸಣ್ಣ ರಬ್ಬರ್ ಹೋಸ್ ಊದಿ ಮೆತ್ತಗಾಗಿತ್ತು. ಇಷ್ಟನ್ನೂ ಹಾಗೇ ಬಿಟ್ಟು ಬರೀ ಮೋಟರ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಟ್ಯಾಂಕ್ ಇಳಿಸಬೇಕು.

ಸ್ಟ್ರೇನರ್, ಮುಚ್ಚಳದ ರಬ್ಬರ್ ರಿಂಗ್, ಕ್ಲಿಪ್ಪು, ಎಲ್ಲ ಹೊಸದು ಹಾಕಿಸಿ. ಟ್ಯಾಂಕಿನ ತಳ ತೊಳೆಸಿ. ಹೋಸ್ ವಿಷಯದಲ್ಲಿ ಹಟ ಹಿಡಿಯಿರಿ. ಹೊರಗೆ ಬಳಸುವ ಮಾಮೂಲಿ ಪೆಟ್ರೋಲ್ ಹೋಸ್ ಒಳಗಿನ ಮೈಯಲ್ಲಿ ಮಾತ್ರ ಪೆಟ್ರೋಲ್ ತಾಳುತ್ತದೆ. ಸದಾ ಪೆಟ್ರೋಲಿನಲ್ಲಿ ಮುಳುಗಿರುವುದಕ್ಕೆ ಬೇರೆಯೇ ಹೋಸ್ ಬರುತ್ತದೆ, ಅದರ ಮೇಲೆ ಜೆ30ಆರ್10 ಅಂತ ಅಚ್ಚು ಇರುತ್ತದೆ. ಕೂರಿಸುವಾಗ ಫ್ಲೋಟ್ ಕಡ್ಡಿ (ಪೆಟ್ರೋಲ್ ಮಟ್ಟ ಅಳೆಯುವ, ತೇಲುವ ಬುರುಡೆಯ ಕಡ್ಡಿ) ಬಾಗದ ಹಾಗೆ ನೋಡಿಕೊಳ್ಳಲಿ. ಬಾಗಿದರೆ ಪೆಟ್ರೋಲ್ ಮುಳ್ಳು ಇನ್ನು ಮುಂದೆ ಸುಳ್ಳು ಹೇಳುತ್ತದೆ.

ರಬ್ಬರ್ ವಿಷಯ ಈಗ ಜಾಸ್ತಿ ಮುಖ್ಯ ಆಗಿದೆ, ಯಾಕೆ ಅಂದರೆ ಎಥನಾಲ್. ಇ20 ಪೆಟ್ರೋಲಿಗೆ, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ, ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. 2005ರ ಕಾರು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ಅಂಟಿಕೊಂಡಿದ್ದ ಹಳೆ ಕೊಳೆಯನ್ನು ಸಡಿಲ ಮಾಡುತ್ತದೆ, ಹಳೆ ಕಾಲದ ಕೆಲವು ರಬ್ಬರನ್ನು ಊದಿಸುತ್ತದೆ. ಸತ್ತ ಪಂಪಿಗೆಲ್ಲ ಇ20 ಕಾರಣ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷ ಓಡಿದ ಮೋಟರಿಗೆ ಸಾಯಲು ಬೇರೆ ಕಾರಣ ಬೇಕಿಲ್ಲ. ಹೇಗೂ ಟ್ಯಾಂಕ್ ಇಳಿಸಿದ್ದೀರಿ, ಎಥನಾಲ್ ತಾಳುವ ಹೋಸ್, ಸೀಲ್ ಹಾಕಿಸಿ ಅಂತ ಮಾತ್ರ ಹೇಳುತ್ತೇನೆ. ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಸದಾ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ತಳದ ಕೊಳೆ, ಬಿಸಿ ಎರಡೂ ಪಂಪಿಗೇ ಹೋಗುತ್ತದೆ.

ಬಿಡಿಭಾಗ ಎಲ್ಲಿ ತರಬೇಕು? ಬೆಂಗಳೂರಿನವರಾದರೆ ಜೆ.ಸಿ. ರೋಡ್ ಇದ್ದೇ ಇದೆ. ಒಂದೇ ಡಬ್ಬಿ, ಒಂದೇ ಹೆಸರು, ಎರಡು ಅಂಗಡಿಯಲ್ಲಿ ಎರಡು ರೇಟು ಅಂದರೆ ಅಗ್ಗದ್ದನ್ನು ಬಿಟ್ಟು ಬನ್ನಿ. ವಾಹನದ ಬಿಡಿಭಾಗ ಮಾಡುವ ಮೈಕೋ (ಈಗಿನ ಬಾಷ್) ಕಂಪನಿ ಕಟ್ಟಿದ ಊರಿನಲ್ಲಿ ಕೂತು ಡೂಪ್ಲಿಕೇಟ್ ಪಂಪ್ ಹಾಕಿಸಿಕೊಳ್ಳುವುದು ನಮಗೆ ಶೋಭೆಯಲ್ಲ, ಅಲ್ವಾ? ಬಿಲ್ ಕೇಳಿ. ಹಳೆ ಪಂಪನ್ನು ವಾಪಸ್ ಕೇಳಿ. ಮಾವನ ಹಾಗೆ ಆಮೇಲೆ ಅಲ್ಲ, ಗಾಡಿ ಬಿಡುವಾಗಲೇ ಕೇಳಿ.

ಕೆಲಸ ನಡೆಯುವ ದಿನ ಪೈಪಿನ ಪ್ರೆಶರ್ ಇಳಿಸಿ, ಬ್ಯಾಟರಿ ನೆಗೆಟಿವ್ ತೆಗೆದೇ ಶುರು ಮಾಡಲಿ. ಜಾಗ ಬಯಲಾಗಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ, ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಗಾಡಿ ತೆಗೆದುಕೊಂಡು ಬನ್ನಿ, ಮುಲಾಜು ಬೇಡ.

ಇನ್ನು ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವವರಿಗೆ. ಎಲ್ಲರೂ ಬಾನೆಟ್ ಎತ್ತುತ್ತಾರೆ, ನೀವು ಹಿಂದಿನ ಸೀಟು ಎತ್ತಿ. ಕಾರ್ಪೆಟ್ ಸರಿಸಿ. ಕಂಪನಿಯ ಮುಚ್ಚಳ ಆದರೆ ಅಂಚು ದುಂಡಗೆ ಒತ್ತಿರುತ್ತದೆ, ಸೀಲ್ ಇರುತ್ತದೆ, ಸ್ಕ್ರೂ ಸಾಲಾಗಿರುತ್ತದೆ. ಗ್ಯಾರೇಜಿನ ಕೊಯ್ತ ಆದರೆ ಅಂಚು ಚೂಪು, ತೇಪೆ ಸೊಟ್ಟ, ಸುತ್ತ ಬೂದು ಬಣ್ಣದ ಎಂ-ಸೀಲ್. ಅಂಥದ್ದು ಕಂಡರೆ ರೇಟು ಇಳಿಸಿ ಕೇಳಿ. ಆ ದುಡ್ಡಿನಲ್ಲಿ ಟಿಂಕರಿಂಗ್‌ನವರ ಹತ್ತಿರ ಹೋಗಿ. ಮೊದಲು ಟ್ಯಾಂಕ್ ಇಳಿಸಿ ಗಾಡಿಯಿಂದ ದೂರ ಇಟ್ಟು, ಆಮೇಲೆ ದಪ್ಪ ತಗಡಿನ ಮುಚ್ಚಳ, ಪೂರ್ತಿ ಸುತ್ತ ಗ್ಯಾಸ್ಕೆಟ್, ಅಂಚಿಗೆ ತುಕ್ಕು ಹಿಡಿಯದ ಪ್ರೈಮರ್ ಮಾಡಿಸಿ. ಟ್ಯಾಂಕ್ ಅಲ್ಲೇ ಇರಲಿ, ಹಾಗೇ ವೆಲ್ಡಿಂಗ್ ಮಾಡಿಬಿಡುತ್ತೇವೆ ಅಂದರೆ ಆ ಅಂಗಡಿಯಿಂದಲೂ ಹೊರಡಿ.